ನಿಲ್ಲುವ ಟೇಬಲ್ಲಿನ ಮೇಲೆ ಕುಳಿತ ಅತ್ತೆ

ಟೇಬಲ್ಲು ಎಂದರೆ ಏನು ಮಹಾ? ಒಂದು ಹಲಗೆ, ಅದರ ಕೆಳಗೆ ಕಾಲು. ಇಷ್ಟನ್ನು ಆರಿಸುವುದಕ್ಕೂ ಬುದ್ಧಿ ಖರ್ಚು ಮಾಡಬೇಕೆಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಅದರಲ್ಲೂ ನನ್ನಂಥವಳು! ಸೀರೆಯ ಅಂಚಿನ ದಡಿಯಲ್ಲಿ ಒಂದು ಎಳೆ ಆಚೀಚೆಯಾದರೆ ರಸ್ತೆಯ ಆ ಕಡೆಯಿಂದಲೇ ಹಿಡಿಯುವ ಕಣ್ಣು ನನ್ನದು.

ನನ್ನ ಕೆಲಸವೇ ಅದು. ಶಿವಬಸವ ನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಖಾಸಬಾಗದ ನೇಕಾರರಿಗೆ ದಡಿ, ಸೆರಗುಗಳ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಬಿಡಿಸಿಕೊಡುತ್ತೇನೆ. ಒಂದೊಂದು ಎಳೆಗೂ ಒಂದೊಂದು ಚುಕ್ಕೆ ಇಡುವ ಕೆಲಸ. ಅದಕ್ಕೆ ಬಾಗಿಲಷ್ಟು ಅಗಲದ ಎರಡು ಪರದೆಗಳು, ಗೋಧಿ ಡಬ್ಬಿಯಂಥ ಒಂದು ಕಂಪ್ಯೂಟರು, ಹಳೆಯ ಸೀರೆಗಳ ಚಿತ್ರ ತೆಗೆಯುವ ಸ್ಕ್ಯಾನರು, ಜೊತೆಗೆ ಕರೆಂಟು ಹೋದಾಗ ಚೀರುವ ಯುಪಿಎಸ್ಸು. ಇಷ್ಟೂ ಸಂಸಾರವನ್ನು ಹೊತ್ತು ನಿಂತಿದ್ದದ್ದು ನಮ್ಮವರು ಹತ್ತನೆಯ ಇಯತ್ತೆಗೆ ಓದಿದ ಟೇಬಲ್ಲು. ಅದರ ಒಂದು ಕಾಲಿನ ಕೆಳಗೆ ಮಡಚಿದ ರಟ್ಟು.

ಹೀಗೆ ವರ್ಷಗಟ್ಟಲೆ ಕುಳಿತ ನನ್ನ ಸೊಂಟ ಒಂದು ಬೆಳಿಗ್ಗೆ ಏಳಲು ಸ್ಪಷ್ಟವಾಗಿ ನಿರಾಕರಿಸಿತು. ಡಾಕ್ಟರು ಚಿತ್ರ ತೆಗೆಸಿ, ಬೆಳಕಿಗೆ ಹಿಡಿದು ನೋಡಿ, ತಲೆಯಾಡಿಸಿದರು.

"ಕುಂತು ಕುಂತು ಹಿಂಗಾಗೈತ್ರೀ ಅಕ್ಕಾರ. ಇನ್ನ ನಿಂತು ಕೆಲಸಾ ಮಾಡೂದು ಕಲೀರಿ. ಇಲ್ಲಾಂದ್ರ ಒಂದಾರು ತಿಂಗಳು ಕೆಲಸಾನ ಬಿಡ್ರಿ."

ಬಿಡುವುದು ಹೇಗೆ? ಅದೇ ವಾರ ಖಾಸಬಾಗದ ಶಂಕ್ರಪ್ಪ ಕಾಕಾ ಮನೆಗೆ ಬಂದಿದ್ದರು. ಆನೆಯಂಥ ಆಳು, ಹೂವಿನಂಥ ಮಾತು. ಅವರ ಮಗ್ಗಕ್ಕೆ ಎಷ್ಟೋ ವರ್ಷಗಳಿಂದ ನಾನೇ ದಡಿ ಬಿಡಿಸುವುದು. ಈ ಸಲ ಬಂದದ್ದು ಮಾತ್ರ ಅಂಗಡಿಯ ಸೀರೆಗಲ್ಲ, ಅವರ ಒಬ್ಬಳೇ ಮಗಳ ಮದುವೆಯ ಸೀರೆಗೆ.

"ಊರಿಗೆಲ್ಲಾ ನೇಯ್ದು ಕೊಟ್ಟೀನಿ, ಸುಮವ್ವಾ. ನನ್ನ ಮಗಳು ಮಂದಿ ನೇಯ್ದಿದ್ದು ಉಟಗೊಂಡು ಅಕ್ಷತಿ ಹಾಕಿಸಿಕೊಂಡರ ನನ್ನ ಕೈ ಯಾಕಿರಬೇಕು? ಇನ್ನೆರಡು ವಾರ ಬಿಟ್ಟು ಮಂಗಳವಾರ ಸಂಜೀಕ ಬರ್ತೀನಿ. ಅವತ್ತ ನೀ ದಡಿ ಕೊಟ್ಟರ ಸೀರಿ ಆಗತೈತಿ. ಒಂದ ದಿನಾ ತಡಾ ಆದರೂ ಹೊತ್ತು ಸಾಲೂದಿಲ್ಲ ನೋಡವಾ."

"ಚಿಂತೀ ಬಿಡ್ರಿ ಕಾಕಾ," ಎಂದೆ.

ತಲೆ ನೆಟ್ಟಗಿರುವ ಯಾರಾದರೂ ಅಂದೇ ದಡಿ ಬಿಡಿಸಲು ಶುರು ಮಾಡುತ್ತಿದ್ದರು. ನಾನು ಟೇಬಲ್ಲು ಹುಡುಕಲು ಶುರು ಮಾಡಿದೆ.

ಈಗ ನಿಂತು ಕೆಲಸ ಮಾಡುವವರಿಗೆಂದೇ ಟೇಬಲ್ಲುಗಳು ಬಂದಿವೆ. ಗುಂಡಿ ಒತ್ತಿದರೆ ಹಲಗೆ ಮೇಲೇರುತ್ತದೆ, ಇನ್ನೊಂದು ಒತ್ತಿದರೆ ಇಳಿಯುತ್ತದೆ. ಬೇಕೆಂದಾಗ ನಿಂತು, ಬೇಸರವಾದಾಗ ಕುಳಿತು ಮಾಡಬಹುದು. ಫೋನಿನಲ್ಲಿ ಅದರ ವಿಡಿಯೊ ನೋಡಿದೆ. ಒಂದು ನೋಡಿದ್ದಕ್ಕೆ ಫೋನು ಇನ್ನಷ್ಟು ತೋರಿಸಿತು. ಒಂದು ಮೋಟಾರಿನದ್ದು ಭಾರದ ಕೆಲಸಕ್ಕೆ ನಡೆಯುವುದಿಲ್ಲ, ಎರಡು ಬೇಕು. ಕಾಲುಗಳ ನಡುವೆ ಅಡ್ಡಪಟ್ಟಿ ಬೇಕು. ಪೂರ್ತಿ ಎತ್ತಿದಾಗ ಅಲುಗಾಡಬಾರದು. ನಾಲ್ಕು ದಿನ ನೋಡಿದ ಮೇಲೆ ನಾನು ಈ ವಿಷಯದಲ್ಲಿ ಎಂಥ ಪಂಡಿತಳಾದೆನೆಂದರೆ, ಹಾಲು ಹಾಕಲು ಬಂದವನಿಗೂ ಎರಡು ಮೋಟಾರಿನ ಮಹತ್ವ ವಿವರಿಸಿದೆ. ಅವನು ಮರುದಿನದಿಂದ ಹಾಲನ್ನು ಗೇಟಿನಲ್ಲೇ ಇಟ್ಟು ಹೋಗತೊಡಗಿದ.

ಆಮೇಲೆ ನಮ್ಮವರನ್ನು ಕರೆದುಕೊಂಡು ಅಂಗಡಿಗೆ ಹೋದೆ. ನಮ್ಮವರು ಕಾಲೇಜೊಂದರ ಆಫೀಸಿನಲ್ಲಿದ್ದಾರೆ. ಸಾವಧಾನದ ಮನುಷ್ಯ. ಮನೆಗೆ ಬೆಂಕಿ ಬಿದ್ದರೂ ಚಪ್ಪಲಿ ಹಾಕಿಕೊಂಡೇ ಹೊರಗೆ ಬರುವ ಪೈಕಿ. ಅಂಗಡಿಯಲ್ಲಿ ನಾನು ಪ್ರತಿಯೊಂದು ಟೇಬಲ್ಲನ್ನೂ ಎರಡು ಕೈಯಲ್ಲಿ ಹಿಡಿದು ಗದಗದ ಅಲುಗಾಡಿಸಿದೆ. ಒಂದರ ಅಂಚಿನ ಮೇಲೆ ಮೊಣಕೈಯೂರಿ ನನ್ನ ಪೂರ್ತಿ ಭಾರ ಬಿಟ್ಟೆ. ಅದು "ಕಟ್" ಎಂದಿತು.

"ಅಕ್ಕಾರ, ನೋಡ್ರಿ, ಬ್ಯಾಡನ್ನೂದಿಲ್ಲ. ಜೋತ ಬೀಳಬ್ಯಾಡ್ರಿ!" ಎಂದ ಅಂಗಡಿಯವ.

"ಇದೆಲ್ಲಾ ಭೂಸಾ ಒತ್ತಿ ಮಾಡಿದ ಹಲಗಿ. ನನ್ನ ಸಾಮಾನಿಗೆ ತಡಿಯಂಗಿಲ್ಲ," ಎಂದು ನಾನು ತೀರ್ಪು ಕೊಟ್ಟೆ. ತಿರುಗಿ ನೋಡಿದರೆ ನಮ್ಮವರು ಇರಲಿಲ್ಲ. ಹೊರಗೆ, ಪಕ್ಕದ ಅಂಗಡಿಯ ಮುಂದೆ ನಿಂತು, ನಮ್ಮ ಪರಿಚಯವೇ ಇಲ್ಲದವರಂತೆ ಕುಕ್ಕರಿನ ರೇಟು ಕೇಳುತ್ತಿದ್ದರು.

ಮನೆಗೆ ಬಂದು ನಾನೇ ಒಂದು ಮಹಾನಿರ್ಧಾರ ಮಾಡಿದೆ. ಕಾಲುಗಳನ್ನಷ್ಟೇ ಫೋನಿನಲ್ಲಿ ತರಿಸುವುದು: ಎರಡು ಮೋಟಾರು, ಅಡ್ಡಪಟ್ಟಿ, ಒಂದೂವರೆ ಕ್ವಿಂಟಲ್ ಎತ್ತುವ ತಾಕತ್ತು. ಅದರ ಮೇಲಿನ ಹಲಗೆ ಮಾತ್ರ ನಮ್ಮ ಸೀಮೆಯದ್ದು, ಅಸಲಿ ಕಟ್ಟಿಗೆಯದ್ದು.

"ಒಂದೂವರಿ ಕ್ವಿಂಟಲ್ ಅಂದ್ರ ಅದರಾಗ ಹಲಗೀ ತೂಕಾನೂ ಹಿಡೀಬೇಕಲ್ಲ?" ಎಂದರು ನಮ್ಮವರು.

"ಹಲಗಿ ಅಂದ್ರ ಟೇಬಲ್ಲಿನ ಅಂಗ ಇದ್ದಂಗರೀ. ನಾವು ತೂಕಾ ಎತ್ತೂಮುಂದ ನಮ್ಮ ಕೈ ತೂಕಾನೂ ಲೆಕ್ಕಾ ಹಿಡೀತೀವೇನು?"

ನಮ್ಮವರು ಪೇಪರು ಬಿಡಿಸಿಕೊಂಡರು. ಅವರು ಸೋತರೆಂದು ನಾನು ತಿಳಿದೆ.

ರವಿವಾರ ಖಾನಾಪುರಕ್ಕೆ ಹೋದೆವು. ಅಲ್ಲಿ ನನ್ನ ಸೋದರಮಾವನ ಮನೆ. ಮಾಮಾ ಒಂದು ಮಾತನ್ನು ಕನ್ನಡದಲ್ಲಿ ಶುರು ಮಾಡಿ ಮರಾಠಿಯಲ್ಲಿ ಮುಗಿಸುವವರು. ಸಿಟ್ಟು ಬಂದರೆ ಮಾತ್ರ ಉಲ್ಟಾ. ನನ್ನ ಅಗತ್ಯ ಕೇಳಿ ಅವರು ಸೀದಾ ನನ್ನನ್ನು ಅಟ್ಟಕ್ಕೆ ಕರೆದೊಯ್ದರು. ಅಲ್ಲಿ ಗೋಡೆಗೆ ಒರಗಿ ನಿಂತಿತ್ತು ಅಜ್ಜಿಯ ಜೋಕಾಲಿಯ ಹಲಗೆ. ಹೊನ್ನೆ ಮರದ ಒಂದೇ ತುಂಡು. ಆರು ಜನ ಕೂರುವಷ್ಟು ಉದ್ದ, ಒಂದು ಗೇಣಿಗೆ ಸ್ವಲ್ಪ ಕಡಿಮೆ ದಪ್ಪ ಎಂದು ನನಗನಿಸಿತು. ನಮ್ಮವರು ಆಮೇಲೆ ನಾಲ್ಕು ಬೆರಳು ಎಂದು ತಿದ್ದಿದರು. ನಾಲ್ಕು ಮೂಲೆಗೂ ಹಿತ್ತಾಳೆಯ ಬಳೆ.

"ಸೋಫಾ ಬಂದಾಗಿಂದ ಇದರ ಮ್ಯಾಲ ಯಾರೂ ಕುಂದ್ರೂದಿಲ್ಲ ಮಗಳ. ಒಯ್ಯಿ. ಪಣ್ ಲಯ್ ಜಡ ಆಹೆ!" ಎಂದರು ಮಾಮಾ. ಬಲು ಭಾರ ಎಂದು ಅವರು ಮರಾಠಿಯಲ್ಲಿ ಎಚ್ಚರಿಸಿದ್ದನ್ನು ನಾನು ಹೊಗಳಿಕೆ ಎಂದೇ ಭಾವಿಸಿದೆ.

"ಇದs ಬೇಕಾಗಿತ್ತು ಮಾಮಾ. ಭಾರ ಇದ್ದಷ್ಟೂ ಗಟ್ಟಿ!"

"ಸರಪಳೀನೂ ಒಯ್ಯಿ ಹಂಗಾದ್ರ."

"ಟೇಬಲ್ಲಿಗೆ ಸರಪಳಿ ಯಾಕ ಮಾಮಾ?" ಎಂದು ನಾನು ನಕ್ಕೆ. ಅವರೂ ನಕ್ಕರು. "ಇಲ್ಲೇ ಇಟ್ಟಿರ್ತೀನಿ. ಎಲ್ಲಿಗೆ ಹೋಗತಾವು?"

ಹಲಗೆಯನ್ನು ಟೆಂಪೋಕ್ಕೆ ಏರಿಸಲು ಮಾಮಾ ಓಣಿಯ ಗಂಡಸರನ್ನೆಲ್ಲ ಕರೆದರು. ಇಳಿಸಲು ಶಿವಬಸವ ನಗರದಲ್ಲಿ ನಾವು ಅಷ್ಟೇ ಜನರನ್ನು ಕರೆದೆವು. ಆ ಕೆಲಸದಲ್ಲಿ ನಮ್ಮವರ ಸೊಂಟವೂ ಸ್ವಲ್ಪ ಹಿಡಿಯಿತು. ಈಗ ಮನೆಯಲ್ಲಿ ಎರಡು ಸೊಂಟ ಕೆಟ್ಟಂತಾಯಿತು. ಒಂದು ಟೇಬಲ್ಲಿಗೆ ಮೊದಲು, ಒಂದು ಟೇಬಲ್ಲಿನಿಂದ.

ಬಡಿಗ ಸಲೀಮಭಾಯಿ ಬಂದು ಹಲಗೆಯನ್ನು ಸುತ್ತ ನೋಡಿದರು. "ಅಕ್ಕಾ, ಇದು ಟೇಬಲ್ ಅಲ್ರೀ, ಹೊಳೀ ಮ್ಯಾಲಿನ ಪೂಲ್ ಐತಿ. ಲಾರಿ ದಾಟ್ತಾವ ಇದರ ಮ್ಯಾಲ." ಆದರೂ ತೂತು ಕೊರೆದು, ಬಂದಿದ್ದ ಕಾಲುಗಳಿಗೆ ಕೂಡಿಸಿಕೊಟ್ಟರು. ಮೂಲೆಯ ಹಿತ್ತಾಳೆ ಬಳೆಗಳು ಮಾತ್ರ ಏನು ಮಾಡಿದರೂ ಕಿತ್ತು ಬರಲಿಲ್ಲ. ಇರಲಿ ಬಿಡಿ ಎಂದೆ. ಒಂದಕ್ಕೆ ಹೆಡ್‌ಫೋನು ತೂಗು ಹಾಕಿದರೆ ಏನು ಅಂದ!

ಸಾಮಾನೆಲ್ಲ ಏರಿಸಿ ಗುಂಡಿ ಒತ್ತಿದೆ. "ಗುಂಯ್" ಎನ್ನುತ್ತ ಟೇಬಲ್ಲು ಗಂಭೀರವಾಗಿ ಮೇಲೆದ್ದಿತು. ನಾನು ನಿಂತೆ. ಸೊಂಟ ನೆಟ್ಟಗಾಯಿತು. ಕಣ್ಣಲ್ಲಿ ನೀರೇ ಬಂತು. ಶಂಕ್ರಪ್ಪ ಕಾಕಾನ ಮಂಗಳವಾರಕ್ಕೆ ಇನ್ನೂ ಒಂದು ವಾರ ಇದೆ, ದಡಿ ಆಗಿಯೇ ಆಗುತ್ತದೆ ಎಂದು ಖುಷಿಯಿಂದ ಮೊದಲ ಚುಕ್ಕೆ ಇಟ್ಟೆ.

ಮರುದಿನ ಅತ್ತೆ ಬಂದರು.

ಅತ್ತೆ ನಮ್ಮ ಜೊತೆಯಲ್ಲೇ ಇರುವವರು. ಹದಿನೈದು ದಿನ ಅನಗೋಳದ ಮಗಳ ಮನೆಗೆ ಹೋಗಿದ್ದರು. ಹಿಡಿಯಷ್ಟು ಜೀವ, ಊರಷ್ಟು ದನಿ. ಒಳಗೆ ಕಾಲಿಟ್ಟವರು ಟೇಬಲ್ಲನ್ನು ನೋಡಿದರು, ಹತ್ತಿರ ಬಂದು ಹಿತ್ತಾಳೆಯ ಬಳೆಯಿಂದ ನನ್ನ ಹೆಡ್‌ಫೋನು ತೆಗೆದು ಪಕ್ಕಕ್ಕಿಟ್ಟರು. ಬಳೆಯನ್ನು ಬೆರಳಿನಿಂದ ತಿರುಗಿಸಿದರು.

"ಸುಮೀ, ಇದು ಜೋಕಾಲಿ ಹಲಗಿ ಅಲ್ಲಾ?"

"ಹೂಂ ಅತ್ತಿ. ಖಾನಾಪುರದ ಮಾಮಾ ಕೊಟ್ಟರು. ನೋಡ್ರಿಲ್ಲೆ," ಎಂದು ಉತ್ಸಾಹದಲ್ಲಿ ಗುಂಡಿ ಒತ್ತಿ ಇಳಿಸಿ, ಮತ್ತೆ ಏರಿಸಿ ತೋರಿಸಿದೆ.

ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯ ನಮ್ಮವ್ವಾ! ಖಾಲಿ ಜೋಕಾಲಿ ಆಡಸಾಕತ್ತೀಯಲ್ಲ! ಖಾಲಿ ತೊಟ್ಲಾ ತೂಗಬಾರ್ದು, ಖಾಲಿ ಜೋಕಾಲಿ ಆಡಸಬಾರ್ದು. ಅಷ್ಟೂ ಗೊತ್ತಿಲ್ಲೇನು ನಿನಗ?"

"ಇದು ತೂಗೂದಿಲ್ಲ ಅತ್ತಿ, ಮ್ಯಾಲ ಕೆಳಗ ಅಷ್ಟ ಹೋಗತೈತಿ."

"ಹಿಂದ ಮುಂದ ಆಡಿದರ ಜೋಕಾಲಿ, ಮ್ಯಾಲ ಕೆಳಗ ಆಡಿದರ ಅಲ್ಲಾ? ಆಡೂದು ಆಡೂದ."

"ಖಾಲೀನೂ ಇಲ್ಲರೀ. ಕಂಪ್ಯೂಟರ್ ಕುಂತಾವಲ್ಲ."

"ಅವಕ್ಕ ಜೀವಾ ಐತೇನು?"

ನಾನು ನಮ್ಮವರತ್ತ ನೋಡಿದೆ. ಅವರು ಪೇಪರಿನ ಹಿಂದೆ ಇದ್ದರು. ಪೇಪರು ಮಾತ್ರ ಸಣ್ಣಗೆ ಅಲುಗುತ್ತಿತ್ತು.

ಆಗ ನನಗೊಂದು ಯುಕ್ತಿ ಹೊಳೆಯಿತು. ನಮ್ಮ ಕಡೆ ಕೂಸಿಗೆ ಹೆಸರಿಡುವಾಗ ತೊಟ್ಟಿಲಲ್ಲಿ ಮೊದಲು ಅರೆಯುವ ಗುಂಡಕಲ್ಲನ್ನು ಮಲಗಿಸುತ್ತಾರೆ. ತೊಟ್ಟಿಲಿಗೆ ನಡೆಯುವುದಾದರೆ ಟೇಬಲ್ಲಿಗೆ ನಡೆಯುವುದಿಲ್ಲವೇ? ಅತ್ತೆ ಒಪ್ಪಿದರು. ಅಡುಗೆಮನೆಯಿಂದ ಗುಂಡಕಲ್ಲು ಬಂತು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಉರುಳದಂತೆ ಬಟ್ಟೆಯ ಸಿಂಬಿಯ ಮೇಲೆ, ನನ್ನ ಎರಡು ಪರದೆಗಳ ನಡುವೆ ವಿರಾಜಮಾನವಾಯಿತು. ಗೆದ್ದೆ ಅಂದುಕೊಂಡೆ!

ಸಂಜೆ ಗುಂಡಿ ಒತ್ತಲು ಹೋದಾಗ ಮತ್ತೆ ದನಿ ಬಂತು. "ಗುಂಡಪ್ಪ ಮುಹೂರ್ತಕ್ಕ ಅಷ್ಟ, ಸುಮೀ. ಆಮ್ಯಾಲ ತೊಟ್ಲದಾಗ ಕೂಸು ಬರತೈತೋ ಇಲ್ಲೋ? ಇನ್ನ ಜೀವಾ ಇದ್ದವರು ಕುಂದ್ರಬೇಕು. ತಡೀ, ನಾನ ಕುಂದರ್ತೀನಿ."

ನನ್ನ ಯುಕ್ತಿಯಿಂದಲೇ ನನ್ನನ್ನು ಕಟ್ಟಿಹಾಕಿದರು. ಸೆರಗು ಸುತ್ತಿಕೊಂಡು, ಕೀಬೋರ್ಡನ್ನು ಪಕ್ಕಕ್ಕೆ ಸರಿಸಿ, ಅತ್ತೆ ಟೇಬಲ್ಲಿನ ಎಡಮೂಲೆಯಲ್ಲಿ ಕುಳಿತರು. ನಾನು ಗುಂಡಿ ಒತ್ತಿದೆ. "ಗುಂಯ್". ಅತ್ತೆ ನಿಧಾನವಾಗಿ ಮೇಲೇರಿದರು. ಕಾಲು ನೆಲ ಬಿಟ್ಟದ್ದೇ ಅವರ ಮುಖ ಎಳೆ ಹುಡುಗಿಯದಾಯಿತು.

"ಅನಗೋಳದ ನಮ್ಮ ಹಳೀ ಮನ್ಯಾಗ ಇಂಥಾದ್ದ ಒಂದಿತ್ತವಾ," ಎಂದರು. "ಮುಂಜಾನಿಂದ ನಿಂತಾಕಿ ನಿಂತs ಇರ್ತಿದ್ದೆ. ನೀರು, ರೊಟ್ಟಿ, ಮಂದಿ, ಮಕ್ಕಳು. ಮಧ್ಯಾಹ್ನ ಎಲ್ಲಾರೂ ಉಂಡ ಮ್ಯಾಲ ಹೋಗಿ ಅದರ ಮ್ಯಾಲ ಚೂರು ಕುಂದರ್ತಿದ್ದೆ. ನಾ ಕುಂತಿದ್ದಂದ್ರ ಅಷ್ಟ. ಮನಿ ಕೆಡವಿ ಕಟ್ಟಿಸಿದಾಗ ಅದು ಯಾರ ಪಾಲಿಗೆ ಹೋತೋ ಏನೋ."

ನನಗೆ ಪಾಪ ಅನ್ನಿಸಿತು. ನಾನು ನಿಲ್ಲಲು ಟೇಬಲ್ಲು ಹುಡುಕುತ್ತಿದ್ದರೆ, ಅವರು ಕೂರಲು ಇಷ್ಟು ವರ್ಷ ಒಂದು ಹಲಗೆ ಹುಡುಕುತ್ತಿದ್ದರು. ಇಳಿಯಿರಿ ಎನ್ನಲು ಬಾಯಿ ಬರಲಿಲ್ಲ.

ಆದರೆ ಮುಂದಿನ ದಿನಗಳು ಕಷ್ಟದವು. ನಾನು ನಿಲ್ಲಬೇಕೆಂದರೆ ಅತ್ತೆ ಬಂದು ಟೇಬಲ್ಲಿನ ಮೇಲೆ ಕೂರಬೇಕು, ಟೇಬಲ್ಲು ಏರಬೇಕು, ಆಮೇಲೆ ಅವರನ್ನು ಸ್ಟೂಲಿನ ಮೇಲೆ ಇಳಿಸಿಕೊಳ್ಳಬೇಕು. ನಾನು ಕೂರಬೇಕೆಂದರೆ ಅದೇ ಸ್ಟೂಲಿನಿಂದ ಅವರನ್ನು ಹತ್ತಿಸಿ, ಇಳಿಸಬೇಕು. ಅವರು ಪೂಜೆಯಲ್ಲಿದ್ದರೆ ಟೇಬಲ್ಲಿಗೂ ರಜೆ. ಧಾರಾವಾಹಿ ಹಚ್ಚಿದ್ದರೆ ಜಾಹೀರಾತು ಬರುವವರೆಗೆ ನಾನು ಕಾಯಬೇಕು. ಮಧ್ಯಾಹ್ನ ಅವರಿಗೆ ಮೇಲೆಯೇ ಹಿತವೆನಿಸಿ, ಇಳಿಯದೆ ಅಲ್ಲೇ ಕುಳಿತು ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. ಕೀಬೋರ್ಡಿನಲ್ಲಿ ಮೆಂತ್ಯೆಯ ಕಡ್ಡಿ ಸಿಕ್ಕಿಕೊಂಡು ಒಂದು ಇಡೀ ಸಾಲು ನವಿಲುಗಳು ಅಳಿಸಿಹೋದವು! ಆದರೂ ಹೇಗೋ ಹೆಣಗಾಡಿ ಸೋಮವಾರದ ಹೊತ್ತಿಗೆ ದಡಿ ಮುಗಿಸಿದೆ. ಆಚೀಚೆ ಎರಡೆಳೆಯ ಹಸಿರು ಗೆರೆ, ನಡುವೆ ನವಿಲಿನ ಸಾಲು. ಚೆಂದವಾಗಿತ್ತು. ಇನ್ನು ಕಾಕಾ ನೋಡಿ ಹೂಂ ಎನ್ನುವುದಷ್ಟೇ ಬಾಕಿ.

ಮಂಗಳವಾರ ಸಂಜೆ ಶಂಕ್ರಪ್ಪ ಕಾಕಾ ಬಂದರು. ಬಿಸಿಲಲ್ಲಿ ಬಂದು ಬೆವತಿದ್ದರು. ಟೇಬಲ್ಲು ಕೆಳಗಿತ್ತು. ಅವರಿಗೆ ನನ್ನ ಹೊಸ ಟೇಬಲ್ಲಿನ ವೈಭವ ತೋರಿಸದಿದ್ದರೆ ಹೇಗೆ? ಅತ್ತೆಯನ್ನು ಕರೆದೆ. ಅವರು ಹಾಲು ಒಲೆಗಿಡಬೇಕೆಂದಿದ್ದವರು, ಹಾಲಿನವ ಇನ್ನೂ ಬಂದಿಲ್ಲವೆಂದು ಬಂದು ತಮ್ಮ ಎಡಮೂಲೆಯಲ್ಲಿ ಕುಳಿತರು. ಕುಳಿತವರು, ಎದುರಿಗೆ ನಿಂತ ಅತಿಥಿಯನ್ನು ನೋಡಿದರು. ಜೋಕಾಲಿಯಿರುವ ಮನೆಗೆ ಬಂದವರನ್ನು ಎಲ್ಲಿ ಕೂರಿಸುತ್ತಾರೆ? ಜೋಕಾಲಿಯ ಮೇಲೆ.

"ಬರ್ರಿ ಶಂಕ್ರಪ್ಪಣ್ಣಾ, ಯಾಕ ನಿಂತೀರಿ? ಕುಂದರ್ರಿ," ಎಂದು ಹಲಗೆಯನ್ನು ತಟ್ಟಿದರು.

"ಅತ್ತಿ, ಬ್ಯಾಡ..." ಎಂದೆ. ಆದರೆ ಹಿರಿಯರು ಕರೆದಾಗ ಕೂರದಿರಲು ಕಾಕಾಗೆ ಸಂಕೋಚ. ಅತ್ತೆ ಎಡತುದಿಯಲ್ಲಿದ್ದರೆಂದು ಮರ್ಯಾದೆಯಿಂದ ದೂರ ಸರಿದು ಬಲತುದಿಯಲ್ಲಿ ಕುಳಿತರು. ಹಲಗೆ ಒಮ್ಮೆ ನಿಟ್ಟುಸಿರಿಟ್ಟಿತು.

ಬಂದವರ ಮುಂದೆ "ನನ್ನ ಟೇಬಲ್ಲಿಗೆ ತಡೆಯುವುದಿಲ್ಲ, ಇಳಿಯಿರಿ" ಎನ್ನಲೇ? ಹಾಲಿನವನಿಗೂ ಹೊಗಳಿದ ಟೇಬಲ್ಲು! ಗುಂಡಿ ಒತ್ತಿದೆ.

ಆ ಮೋಟಾರುಗಳನ್ನು ನಾನು ಇವತ್ತಿಗೂ ಹೊಗಳುತ್ತೇನೆ. ಹೊನ್ನೆ ಹಲಗೆ, ನನ್ನ ಸಾಮಾನು, ಗುಂಡಕಲ್ಲು, ಅತ್ತೆ, ಆನೆಯಂಥ ಕಾಕಾ, ಇಷ್ಟನ್ನೂ ಅವು ನರಳುತ್ತ, ತಿಣುಕುತ್ತ, ನನ್ನ ಎದೆಯ ಮಟ್ಟದವರೆಗೆ ಎತ್ತಿದವು. ಅಲ್ಲಿ "ಟಕ್" ಎಂದು ನಿಂತವು. ಗುಂಡಿಯ ಡಬ್ಬಿಯಲ್ಲಿ ಕೆಂಪು ದೀಪ ಮಿನುಗಿತು. ಇಳಿಸುವ ಗುಂಡಿ ಒತ್ತಿದೆ. ಇಲ್ಲ. ಏರಿಸುವುದನ್ನು ಒತ್ತಿದೆ. ಇಲ್ಲ. ದೇವರ ಹೆಸರು ಹೇಳಿ ಎರಡನ್ನೂ ಒಟ್ಟಿಗೆ ಒತ್ತಿದೆ. ಸುಟ್ಟ ವಾಸನೆ ಬಂತು.

"ಇನ್ನೂ ಮ್ಯಾಲ ಹೋಗತೈತೇನವಾ?" ಎಂದು ಕಾಕಾ ಕುತೂಹಲದಿಂದ ಕೇಳಿದರು.

"ಇಲ್ಲರೀ ಕಾಕಾ. ಇಷ್ಟs."

"ಹಂಗಾರ ಇಳಿಸು."

"ಅದೂ... ಇಷ್ಟs."

ವಿಷಯ ತಿಳಿದು ಕಾಕಾ ಜಿಗಿಯಲು ಇನ್ನೂ ತುದಿಗೆ ಸರಿದರು. ಸರಿದದ್ದೇ ತಡ, ಅತ್ತೆಯ ಕಡೆ ಹಲಗೆ ಎದ್ದಿತು! "ಅಯ್ಯಯ್ಯಯ್ಯ!" ಎಂದು ಅತ್ತೆ ಚೀರಿದರು. ನಾನು ಹಿಂದಿನಿಂದ ಓಡಿಹೋಗಿ ಹಲಗೆಯ ಮೇಲೆ ಬಿದ್ದು, ಎರಡು ಪರದೆಗಳನ್ನೂ ತಬ್ಬಿ, ಪೂರ್ತಿ ಭಾರ ಹಾಕಿ ಒತ್ತಿ ಹಿಡಿದೆ.

"ಯಾರೂ ಅಳ್ಳಾಡಬ್ಯಾಡ್ರಿ! ಇಬ್ಬರೂ ಇದ್ದಲ್ಲೇ ಇರ್ರಿ!"

ಹೀಗೆ ನಾವು ಮೂವರೂ ಸಂಜೆಯ ಆ ಹೊತ್ತಿನಲ್ಲಿ ಒಂದು ಟೇಬಲ್ಲಿಗೆ ಸಿಕ್ಕಿಕೊಂಡೆವು. ಅತ್ತೆ ಎಡಕ್ಕೆ, ಕಾಕಾ ಬಲಕ್ಕೆ, ನಾಲ್ಕು ಕಾಲು ಗಾಳಿಯಲ್ಲಿ. ಹಿಂದೆ ನಾನು, ಗುಂಡಕಲ್ಲಿಗೆ ಗಲ್ಲ ಹಚ್ಚಿ. ಡಾಕ್ಟರು ಬೇಡವೆಂದ ಭಂಗಿಗಳೆಲ್ಲ ಒಟ್ಟಾಗಿದ್ದವು.

ಫೋನು ಅಡುಗೆಮನೆಯಲ್ಲಿತ್ತು. ನಮ್ಮವರು ಬರುವುದನ್ನು ಕಾಯಬೇಕು. ಸುಮ್ಮನೆ ಕುಳಿತು ಏನು ಮಾಡುವುದೆಂದು ಕಾಕಾ ಕತ್ತು ತಿರುಗಿಸಿ ಪರದೆಯ ಮೇಲಿನ ದಡಿ ನೋಡತೊಡಗಿದರು. ಮಗಳ ಸೀರೆಯ ದಡಿ, ಮೂಗಿನಿಂದ ಒಂದು ಮೊಳ ದೂರ. ಇಳಿದು ಹೋಗುವ ಅವಸರವಂತೂ ಇರಲಿಲ್ಲ.

"ಚಲೋ ಐತಿ ಸುಮವ್ವಾ. ಆದರ ನವಿಲು ಬ್ಯಾಡ. ಆಕಿಗೆ ಹಂಸ ಅಂದ್ರ ಜೀವ."

"ಮದ್ಲs ಹೇಳಬೇಕಿಲ್ರೀ ಕಾಕಾ?" ಎಂದೆ ಗುಂಡಕಲ್ಲಿನ ಹಿಂದಿನಿಂದ.

"ಇಷ್ಟು ಪುರಸೊತ್ತಿಲೆ ನೋಡಿದ್ದಿಲ್ಲವಾ. ಹಂಸದ ಕುತ್ತಿಗಿ ಚೂರು ಬಾಗಿರಲಿ. ನಾಚಿಕೊಂಡಂಗ."

"ಬಾಯಾಗ ಒಂದು ಹೂವಿರಲಿ," ಎಂದು ಎಡತುದಿಯಿಂದ ಅತ್ತೆ ಸೇರಿಸಿದರು. "ಹಸರು ಗೆರಿ ಇನ್ನೊಂದೀಟು ದಪ್ಪ ಮಾಡಲಿ, ಅಲ್ಲೇನು ಅಣ್ಣಾ?"

"ಖರೇ ನೋಡ್ರಿ ಅಕ್ಕಾ!"

ಇಬ್ಬರೂ ಸೇರಿ ನನ್ನ ವಾರದ ಕೆಲಸವನ್ನು ಎಳೆ ಎಳೆಯಾಗಿ ಬಿಚ್ಚಿದರು. ನಾನು ಹೂಂಗುಟ್ಟುತ್ತಿದ್ದೆ. ಬೇರೆ ಏನು ಮಾಡಲಿ, ಎರಡೂ ಕೈ ಟೇಬಲ್ಲಿನಲ್ಲಿದ್ದವು. ಮಾತಿನ ನಡುವೆ ಕಾಕಾಗೆ ಬೆವರು ಇಳಿಯಿತು. ಒರೆಸಿಕೊಳ್ಳಲು ಕೈಗೆ ಸಿಕ್ಕ ಬಟ್ಟೆಯನ್ನು ಎಳೆದುಕೊಂಡರು. ಅದು ಗುಂಡಕಲ್ಲಿನ ಸಿಂಬಿ. ಕಲ್ಲು ನನ್ನ ಗಲ್ಲದ ಆಧಾರದ ಮೇಲೆ ನಿಂತಿತು.

ಅಷ್ಟರಲ್ಲಿ ಗೇಟು ಸದ್ದಾಯಿತು. ನಮ್ಮವರು ಕಾಯಿಪಲ್ಲೆ ಚೀಲ ಹಿಡಿದು ಒಳಗೆ ಬಂದರು. ಬಾಗಿಲಲ್ಲಿ ನಿಂತು ಒಮ್ಮೆ ನೋಡಿದರು. ಚಪ್ಪಲಿ ಬಿಟ್ಟು, ಜೋಡಿಸಿಟ್ಟರು.

"ಶಂಕ್ರಪ್ಪಣ್ಣಾ, ನಮಸ್ಕಾರ್ರಿ. ಚಾ ಕುಡದ್ರೇನು?"

"ಎಲ್ಲಿ ಚಾರೀ!" ಎಂದು ನಾನು ಕೂಗಿದೆ. "ಇಳಸ್ರಿ ಮದ್ಲ!"

"ಅವ್ವಾ, ನೀ ಯಾವಾಗ ಹತ್ತೀದಿ?"

"ಹಾಲು ಬರೂಕಿಂತ ಮದ್ಲಪ್ಪಾ. ಗೇಟಿನಾಗ ಅದಾವ ನೋಡು, ಬೆಕ್ಕು ಕುಡೀತೈತಿ!"

ನಮ್ಮವರು ಮೊದಲು ಹಾಲು ತಂದಿಟ್ಟರು. ಆಮೇಲೆ ಎರಡು ಕುರ್ಚಿ ತಂದು, ಎರಡು ತುದಿಗೂ ಒಂದೊಂದು ಇಟ್ಟು, ಅವ್ವನ ಕೈ ಹಿಡಿದು, "ಇಬ್ಬರೂ ಕೂಡೇ ಇಳೀಬೇಕು. ನಾ ಹೂಂ ಅಂದಾಗ," ಎಂದರು. ಹೂಂ ಎಂದರು. ಕಾಕಾ ಇಳಿದರು, ಅತ್ತೆ ಇಳಿದರು. ಒಬ್ಬರಿಗೂ ಒಂದು ಗೀರೂ ಆಗಲಿಲ್ಲ. ನಾನು ದೊಡ್ಡದೊಂದು ಉಸಿರು ಬಿಟ್ಟು ತಲೆ ಎತ್ತಿದೆ.

ತಲೆ ಎತ್ತಬಾರದಿತ್ತು.

ಗಲ್ಲದ ಆಧಾರ ತಪ್ಪಿದ ಗುಂಡಕಲ್ಲು ಉರುಳತೊಡಗಿತು. ಅದೇ ಹೊತ್ತಿಗೆ, ಭಾರ ಇಳಿದ ಖುಷಿಗೋ ಏನೋ, ಟೇಬಲ್ಲಿನ ಒಂದು ಕಾಲು "ಸುಂಯ್" ಎಂದು ಕೆಳಗಿಳಿಯಿತು. ಇನ್ನೊಂದು ಇದ್ದಲ್ಲೇ ನಿಂತಿತು. ಹಲಗೆ ಜಾರುಬಂಡಿಯಾಯಿತು! ನಾನೊಂದು ಪರದೆ ಹಿಡಿದೆ, ನಮ್ಮವರೊಂದು ಹಿಡಿದರು, ಕಾಕಾ ಕಂಪ್ಯೂಟರನ್ನು ಕೂಸಿನಂತೆ ಎತ್ತಿಕೊಂಡರು. ಸ್ಕ್ಯಾನರು ಅತ್ತೆಯ ಸೆರಗಿನಲ್ಲಿ ಬಂದು ಬಿದ್ದಿತು. ಯುಪಿಎಸ್ಸು ನೆಲದ ಮೇಲೆ ಕುಳಿತು ಚೀರಿತು. ಗುಂಡಕಲ್ಲನ್ನು ಮಾತ್ರ ಹಿಡಿಯಲು ಯಾರಿಗೂ ಕೈ ಉಳಿದಿರಲಿಲ್ಲ. ಅದು ಹಲಗೆಯುದ್ದಕ್ಕೂ ಸಾವಕಾಶವಾಗಿ ಉರುಳಿ ಬಂದು, ಅಂಚಿನಲ್ಲಿ ಒಂದು ಕ್ಷಣ ಯೋಚಿಸಿ, ಸೀದಾ ಗುಂಡಿಯ ಡಬ್ಬಿಯ ಮೇಲೆ ಬಿದ್ದಿತು. ಕೆಂಪು ದೀಪ ಆರಿತು.

"ಇದನ್ನೆಲ್ಲಿ ಇಡ್ಲಿ?" ಎಂದರು ಕಾಕಾ, ಕಂಪ್ಯೂಟರು ಎತ್ತಿಕೊಂಡೇ.

ಹತ್ತಿರ ಇದ್ದದ್ದು ಅಡುಗೆಮನೆ. ನಮ್ಮವರು ಒಲೆಯ ಪಕ್ಕದ ಕಟ್ಟೆಯ ಮೇಲಿನ ಡಬ್ಬಿಗಳನ್ನು ಸರಿಸಿದರು. ಪರದೆ ಇಟ್ಟೆವು, ಕಂಪ್ಯೂಟರು ಇಟ್ಟೆವು, ಮಿಕ್ಸರಿನ ಪಿನ್ನು ತೆಗೆದು ಇದರದ್ದು ಚುಚ್ಚಿದೆವು. ಪರದೆ ಬೆಳಗಿತು. ದಡಿ ಇದ್ದ ಹಾಗೇ ಇತ್ತು. ಕಾಕಾನ ಕಣ್ಣು ಒದ್ದೆಯಾದದ್ದು ಕಂಡಿತು. ನನ್ನದೂ ಆಗಿತ್ತು.

"ಹಂಸ ಈಗs ಮಾಡೂಣು ಕಾಕಾ. ಚಾ ಕುಡೀರಿ," ಎಂದೆ.

ಅತ್ತೆ ಚಾ ಇಟ್ಟರು. ನಾನು ಕಟ್ಟೆಯ ಮುಂದೆ ನಿಂತು ನವಿಲುಗಳನ್ನು ತೆಗೆದೆ, ಹಂಸಗಳನ್ನು ತಂದೆ, ಕುತ್ತಿಗೆ ಬಾಗಿಸಿದೆ, ಬಾಯಿಗೆ ಹೂವು ಕೊಟ್ಟೆ, ಹಸಿರು ಗೆರೆ ದಪ್ಪ ಮಾಡಿದೆ. ಊಟದ ಹೊತ್ತಿಗೆ ದಡಿ ಮುಗಿಯಿತು. ಕಾಕಾ ನೋಡಿ ನೋಡಿ, "ಹಿಂಗs ಇರಬೇಕು," ಎಂದು ಅದನ್ನು ಒಯ್ದರು. ಅವರು ಹೋದ ಮೇಲೆ ನನಗೆ ಹೊಳೆಯಿತು: ಅಷ್ಟು ಹೊತ್ತು ನಿಂತಿದ್ದೆ, ಸೊಂಟ ಒಮ್ಮೆಯೂ ನೋಯಲಿಲ್ಲ.

ನಮ್ಮವರು ಕಟ್ಟೆಯ ಕಪ್ಪುಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ಅಂಗಡಿಯಲ್ಲಿ ನಾನು ಮಾಡಿದಂತೆಯೇ, ಅಲುಗಾಡಿಸಿ ನೋಡಿದರು.

"ಅಳ್ಳಾಡೂದಿಲ್ಲ, ಸುಮಾ. ಎಷ್ಟು ಕ್ವಿಂಟಲ್ ತಡೀತೈತಿ?"

ನಾನು ಕಟ್ಟೆಯನ್ನೇ ನೋಡಿದೆ. ಮದುವೆಯಾಗಿ ಬಂದಾಗಿನಿಂದ ದಿನಕ್ಕೆ ಎರಡು ಹೊತ್ತು ಅದರ ಮುಂದೆಯೇ ನಿಂತು ರೊಟ್ಟಿ ಬಡಿಯುತ್ತಿದ್ದೇನೆ. ಗೋಡೆಗೆ ಕಟ್ಟಿದ, ನನ್ನ ಎತ್ತರಕ್ಕೆ ಸರಿಹೊಂದುವ, ಯಾವ ಭಾರಕ್ಕೂ ಜಗ್ಗದ ನಿಲ್ಲುವ ಟೇಬಲ್ಲು ಮನೆಯಲ್ಲೇ ಇತ್ತು!

ಮುಂದಿನ ರವಿವಾರ ಖಾನಾಪುರದಿಂದ ಮಾಮಾ ಸರಪಳಿ ಹಿಡಿದುಕೊಂಡು ಬಂದರು. ನಾನು ಫೋನು ಮಾಡುವ ಮೊದಲೇ ಅವರು ಅದಕ್ಕೆ ಎಣ್ಣೆ ಹಚ್ಚಿಟ್ಟಿದ್ದರಂತೆ. ಸಲೀಮಭಾಯಿ ತೂತುಗಳಿಗೆ ಬೆಣೆ ಹೊಡೆದು, ಮುಂದಿನ ಕೋಣೆಯ ತೊಲೆಗೆ ಕೊಂಡಿ ಹಾಕಿ, ಜೋಕಾಲಿ ಕಟ್ಟಿಕೊಟ್ಟರು. ಅತ್ತೆ ಮಧ್ಯಾಹ್ನ ಊಟವಾದ ಮೇಲೆ ಅದರ ಮೇಲೆ ಕುಳಿತು ಕಾಲಿನಿಂದ ನೆಲವನ್ನು ಸಣ್ಣಗೆ ಒದೆಯುತ್ತಾರೆ. ಎರಡು ಮೋಟಾರಿನ ಕಾಲುಗಳು ಹಿತ್ತಲಲ್ಲಿವೆ. ಒಂದು ಎತ್ತರ, ಒಂದು ಗಿಡ್ಡ. ಸೌತೆ ಬಳ್ಳಿ ಹಬ್ಬಿಸಿದ್ದೇವೆ.

ಕಾಕಾನ ಮಗಳ ಮದುವೆಗೆ ಹೋಗಿದ್ದೆವು. ಹಂಸದ ದಡಿಯ ಸೀರೆಯಲ್ಲಿ ಆ ಹುಡುಗಿಯನ್ನು ನೋಡಿದಾಗ ನನ್ನ ಹೊಟ್ಟೆ ತುಂಬಿತು. ಆ ದಡಿಯ ಚೆಲುವಿಕೆಗೆ ಕಾರಣವೇನೆಂದು ಕಾಕಾ ಬಂದವರಿಗೆಲ್ಲ ಹೇಳುತ್ತಿದ್ದರು. "ಮ್ಯಾಲ ಕುಂತು ಆರಿಸೀವ್ರೀ, ನಾನೂ ಅಕ್ಕಾರೂ!" ನನ್ನ ಹೆಸರು ಬರಲೇ ಇಲ್ಲ.

ಇತ್ತೀಚೆಗೆ ಮತ್ತೆ ಡಾಕ್ಟರ ಬಳಿ ಹೋಗಿದ್ದೆ. ಸೊಂಟ ಪೂರ್ತಿ ಗುಣವಾಗಿದೆ ಎಂದರು. ಆಮೇಲೆ ನನ್ನ ಕಾಲು ನೋಡಿ ಹುಬ್ಬೇರಿಸಿದರು.

"ದಿನಾ ಎಲ್ಲಿ ನಿಂದರ್ತೀರಿ?"

"ಅಡಿಗಿಮನ್ಯಾಗ್ರಿ. ಕೆಲಸಾನೂ ಅಲ್ಲೇ, ರೊಟ್ಟೀನೂ ಅಲ್ಲೇ."

"ಕಾಲು ಬಾತಾವ್ರೀ ಅಕ್ಕಾರ. ಇನ್ನ ಚೂರು ಕುಂದ್ರೂದು ಕಲೀರಿ."

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಜೋಕಾಲಿಯ ಮೇಲೆ ಒಂದು ಬದಿಗೆ ಸರಿದು, ಹೊನ್ನೆ ಹಲಗೆಯನ್ನು ತಟ್ಟಿದರು. ನಾನು ಕುಳಿತೆ. ಟೇಬಲ್ಲಿಗೆಂದು ಸಲೀಮಭಾಯಿ ಕೊರೆದ ತೂತಿನ ಒಂದು ಬೆಣೆ ಸರಿಯಾಗಿ ನನ್ನ ಕೆಳಗೇ ಬಂದು ಚುಚ್ಚಿತು.

"ಕುಂದ್ರವಾ," ಎಂದರು ಅತ್ತೆ. "ಗಟ್ಟಿ ಐತಿ."